ಹುಸೇನಪ್ಪ ತಿದ್ದಲು ಹೊರಟ ಪಾಠ

ಇಸವಿ ಕೇಳಬೇಡಿ, ನನಗೂ ಗೊತ್ತಿಲ್ಲ. ಬಹಳ ಹಿಂದೆ, ಹೊಳೆಯ ನಟ್ಟನಡುವೆ ಹಂಚಿನಗಡ್ಡಿ ಅಂತ ಒಂದು ಊರಿತ್ತು. ಸುತ್ತ ನೀರು, ನಡುವೆ ನಲವತ್ತು ಮನೆ. ಹೈಸ್ಕೂಲು ಇದ್ದದ್ದು ಆಚೆ ದಡದಲ್ಲಿ. ಗಡ್ಡಿಯ ಮಕ್ಕಳು ಕಲಿಯಬೇಕೆಂದರೆ ದಿನಕ್ಕೆರಡು ಸಲ ಹರಿಗೋಲು ಹತ್ತಬೇಕು. ಆ ಹರಿಗೋಲು ನಡೆಸುತ್ತಿದ್ದವನು ಅಂಬಿಗರ ಹುಸೇನಪ್ಪ.

ಹುಸೇನಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಹತ್ತನೇ ಕ್ಲಾಸಿನ ಭೌತಶಾಸ್ತ್ರ ಅವನಿಗೆ ಬಾಯಿಪಾಠವಾಗಿತ್ತು ಅಂತಾರೆ. ಮಕ್ಕಳಿಂದ ಅವನು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಸಂಜೆ ಮರಳುವಾಗ ಅಂದಿನ ಪಾಠ ಹೇಳಬೇಕು, ಅದೇ ಕೂಲಿ. ಇತಿಹಾಸ ಬೇಡ ಅನ್ನುತ್ತಿದ್ದ, ಸತ್ತವರ ಸುದ್ದಿ ಮನೆಯಲ್ಲೇ ಬೇಕಾದಷ್ಟಿದೆ ಅಂತ. ಅವನಿಗೆ ಬೇಕಾದದ್ದು ಬಲ, ಚಲನೆ, ವಿದ್ಯುತ್ತು. ಮೂವತ್ತು ವರ್ಷ ಹೀಗೆ ಕೇಳಿದ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹಾಗೆ ಕೂಡಿತು.

ಪರೀಕ್ಷೆ ಹತ್ತಿರ ಬಂತೆಂದರೆ ಕೇಳುವವನೇ ಹೇಳುವವನಾಗುತ್ತಿದ್ದ. ಕೈಲಿದ್ದ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳಿ, ನಾವು ಮುಂದಕ್ಕೆ ಹೋದದ್ದು ಯಾಕೆ ಅಂತ ಕೇಳುತ್ತಿದ್ದ. ಕ್ರಿಯೆಗೆ ಪ್ರತಿಕ್ರಿಯೆ ಅಂತ ಮಕ್ಕಳು ಕೂಗಬೇಕು. ಹರಿಗೋಲು ದಡಕ್ಕೆ ತಗುಲಿ ನಿಂತಾಗ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಿದ್ದರು. ಇದರ ಹೆಸರೇನು ಅನ್ನುತ್ತಿದ್ದ. ಜಡತ್ವ ಅನ್ನದವರನ್ನು ಇಳಿಯಲು ಬಿಡುತ್ತಿರಲಿಲ್ಲ. ಒಮ್ಮೆ ಮದುವೆಗೆ ಹೊರಟ ಮದುಮಗನ ಸೋದರಮಾವನನ್ನೂ ಬಿಡಲಿಲ್ಲವಂತೆ. ಮುಹೂರ್ತ ಮೀರುವ ಹೊತ್ತಿಗೆ ಆ ಪುಣ್ಯಾತ್ಮ ಜಡತ್ವ ಅಂದನಂತೆ. ಹುಸೇನಪ್ಪ ದಿಟ್ಟಿಸಿ ನೋಡಿದರೆ ಹೊಳೆಯ ಸುಳಿ ನಿಲ್ಲುತ್ತಿತ್ತು ಅಂತಲೂ ಹೇಳುತ್ತಾರೆ. ಸುಳಿಯದ್ದನ್ನು ನಾನು ನಂಬುವುದಿಲ್ಲ, ಸೋದರಮಾವನದ್ದನ್ನು ನಂಬುತ್ತೇನೆ.

ಒಂದು ವರ್ಷ ಏನಾಯಿತು ಅಂದರೆ, ಹೈಸ್ಕೂಲಿನ ವಿಜ್ಞಾನದ ಮಾಸ್ತರರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಪರೀಕ್ಷೆಗೆ ಒಂದು ತಿಂಗಳು ಉಳಿಯಿತು. ಗಡ್ಡಿಯ ತಂದೆತಾಯಿಗಳು ಗಾಬರಿಯಾಗಲಿಲ್ಲ. ನಮ್ಮ ಹುಸೇನಪ್ಪ ಇದ್ದಾನಲ್ಲ ಅಂದರು. ಹುಸೇನಪ್ಪನಿಗೂ ಒಳಗೊಳಗೆ ಹಿಗ್ಗಾಯಿತು. ಹಿಗ್ಗಾಗಿದ್ದು ತಪ್ಪು ಅಂತ ನಾನು ಹೇಳಲಾರೆ, ಆದರೆ ಆಯಿತು.

ಆ ವರ್ಷ ಹತ್ತನೆಯಲ್ಲಿ ಏಳು ಮಕ್ಕಳಿದ್ದರು. ಅವರಲ್ಲಿ ಒಬ್ಬಳು ಬುಟ್ಟಿ ಹೆಣೆಯುವ ಈರಮ್ಮನ ಮಗಳು ಸೂಗಮ್ಮ. ಒಂದು ಬೆಳಗ್ಗೆ ಹುಸೇನಪ್ಪ ವಿದ್ಯುತ್ತಿನ ಪಾಠ ಹೇಳುತ್ತಿದ್ದ. ದೀಪಗಳನ್ನು ಜೋಡಿಸುವ ರೀತಿ ಎರಡು, ಒಂದರ ಹಿಂದೆ ಒಂದು ಕಟ್ಟಿದರೆ ಸರಣಿ, ಬೇರೆ ಬೇರೆ ಕವಲಿನಲ್ಲಿ ಕಟ್ಟಿದರೆ ಸಮಾಂತರ, ಮನೆಯ ದೀಪಗಳು ಸರಣಿ ಅಂದ. ಸೂಗಮ್ಮ ತಲೆಯೆತ್ತಿದಳು.

“ಯಜ್ಜಾ, ಪುಸ್ತಕದಾಗ ಹಂಗಿಲ್ಲ. ಮನಿ ದೀಪ ಸಮಾಂತರ ಅಂತ ಐತಿ.”

ಹರಿಗೋಲಿನಲ್ಲಿದ್ದ ದೊಡ್ಡವರು ನಕ್ಕರು. ಪುಸ್ತಕದಲ್ಲಿ ಅಚ್ಚಿನ ತಪ್ಪಿರಬೇಕು, ಹುಸೇನಪ್ಪ ಅಂದಮೇಲೆ ಮುಗಿಯಿತು ಅಂದರು. ಹುಸೇನಪ್ಪ ನಗಲಿಲ್ಲ.

“ಓದು ತಂಗೀ,” ಅಂದ.

ಅವಳು ಓದಿದಳು. ಇನ್ನೊಮ್ಮೆ ಓದು ಅಂದ, ಇನ್ನೊಮ್ಮೆ ಓದಿದಳು. ಈ ಪಾಠ ಪುಸ್ತಕಕ್ಕೆ ಹೊಸದಾಗಿ ಸೇರಿದಾಗ, ಹನ್ನೊಂದು ವರ್ಷದ ಕೆಳಗೆ, ಒಬ್ಬ ಹುಡುಗ ಅದನ್ನು ಅವನಿಗೆ ಒಪ್ಪಿಸಿದ್ದ. ಕ್ಲಾಸಿನಲ್ಲಿ ತೂಕಡಿಸಿದ್ದನೋ ಏನೋ, ಅದಲುಬದಲು ಹೇಳಿದ್ದ. ಹುಸೇನಪ್ಪನಿಗೆ ಅದು ಸರಿಯೇ ಅನ್ನಿಸಿತ್ತು. ಹೊಳೆ ತುಂಬಿದಾಗ ಅಂಬಿಗರು ಮೂರು ನಾಲ್ಕು ಹರಿಗೋಲನ್ನು ಒಂದೇ ಹಗ್ಗಕ್ಕೆ ಒಂದರ ಹಿಂದೆ ಒಂದು ಕಟ್ಟುತ್ತಾರೆ. ಬುದ್ಧಿಯಿದ್ದವರು ದೀಪವನ್ನೂ ಹಾಗೇ ಕಟ್ಟಿರುತ್ತಾರೆ ಅಂದುಕೊಂಡ. ಆಮೇಲೆ ಮಕ್ಕಳು ಯಾರಾದರೂ ಬೇರೆ ಹೇಳಿದರೆ ಅವನೇ ತಿದ್ದಿಬಿಡುತ್ತಿದ್ದ. ನೋಡಿ ತಿಳಿಯೋಣವೆಂದರೆ ಗಡ್ಡಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ.

ಆವತ್ತು ಆಚೆ ದಡ ಮುಟ್ಟಿದಾಗ ಹುಸೇನಪ್ಪ ಜಡತ್ವ ಕೇಳಲಿಲ್ಲ. ಹರಿಗೋಲನ್ನು ಗೂಟಕ್ಕೆ ಕಟ್ಟಿ, ಸೂಗಮ್ಮನನ್ನು ಕರೆದುಕೊಂಡು, ಕರೆಂಟಿದ್ದ ದರ್ಜಿ ಮೌಲಾಸಾಬನ ಮನೆಗೆ ಹೋದ. ಹಾಡಹಗಲೇ ಮನೆಯಲ್ಲಿದ್ದ ಎರಡೂ ದೀಪ ಹಚ್ಚಿಸಿದ. ಮೌಲಾಸಾಬನ ಕೈಯಲ್ಲಿ ಪಡಸಾಲೆಯ ಬಲ್ಬನ್ನು ಬಟ್ಟೆ ಸುತ್ತಿ ಬಿಚ್ಚಿಸಿದ. ಪಡಸಾಲೆ ಮಬ್ಬಾಯಿತು. ಸರಣಿಯಾಗಿದ್ದರೆ ಅದರ ಜೊತೆಗೇ ಅಡಿಗೆಮನೆಯ ದೀಪವೂ ಆರಬೇಕಿತ್ತು, ಅದು ಉರಿಯುತ್ತಲೇ ಇತ್ತು. ಹುಸೇನಪ್ಪ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಮೌಲಾಸಾಬ ನೀರು ತಂದುಕೊಟ್ಟರೆ ಕುಡಿಯಲಿಲ್ಲ ಅಂತಾರೆ.

ಅವನಿಗೆ ನೆನಪಾಗಿದ್ದು ಅವನ ಹರಿಗೋಲಿನಲ್ಲೇ ಕಲಿತ ಗಡ್ಡಿಯ ಹುಡುಗ ಮಾನಪ್ಪ. ನಾಲ್ಕು ವರ್ಷದ ಕೆಳಗೆ ಮಾನಪ್ಪ ವಿಜ್ಞಾನದಲ್ಲಿ ಎರಡು ಅಂಕಕ್ಕೆ ಫೇಲಾಗಿದ್ದ. ಮತ್ತೆ ಪರೀಕ್ಷೆಗೆ ಕೂರದೆ ಕಲ್ಲುಕ್ವಾರಿಗೆ ಹೋದ. ನೀನು ಸರಿಯಾಗಿ ಓದಲಿಲ್ಲ ಅಂತ ಹತ್ತು ಜನರೆದುರು ಅವನನ್ನು ಬೈದಿದ್ದವನು ಇದೇ ಹುಸೇನಪ್ಪ. ಆ ವರ್ಷ ಮನೆಯ ದೀಪದ ಪ್ರಶ್ನೆ ಬಂದಿತ್ತು. ಅದಕ್ಕಿದ್ದದ್ದು ಎರಡು ಅಂಕ.

ಅದೇ ಸಂಜೆ ಹುಸೇನಪ್ಪ ಮಾನಪ್ಪನ ಮನೆಗೆ ಹೋದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಪ್ಪು ನಿನ್ನದಲ್ಲ, ನನ್ನದು ಅಂದ. ಮಾನಪ್ಪ ಕ್ವಾರಿಯಲ್ಲಿ ಗಾಯವಾದ ಕೈಯಲ್ಲೇ ಚಾಪೆ ಹಾಸಿ ಅವನನ್ನು ಕೂಡಿಸಿದ. ಬೈದಿದ್ದರೆ ಹುಸೇನಪ್ಪನಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

“ನನ್ನ ತಮ್ಮಗ ನಾನs ಇದನ್ನ ಕಲಿಸೀನಿ, ಯಜ್ಜಾ,” ಅಂದ. “ಅಂವಾ ಯಾರ್ಯಾರಿಗೆ ಹೇಳ್ಯಾನೋ.”

ಹಾಕಿದ ಹೆಜ್ಜೆ ಹಿಂದಕ್ಕೆ ತೆಗೆಯಬಹುದು, ಆಡಿದ ಮಾತು ಬರುವುದಿಲ್ಲ. ಅವನ ಮಾತು ಆಗಲೇ ಎಷ್ಟು ಮನೆ ಹೊಕ್ಕಿತ್ತೋ ಯಾರು ಬಲ್ಲರು.

ಇತ್ತ ಪರೀಕ್ಷೆಗೆ ಒಂದು ಪಾಠ ಉಳಿದಿತ್ತು, ವಿಕಿರಣಶೀಲತೆ. ಅದು ಪುಸ್ತಕದ ಕೊನೆಯ ಪಾಠ. ಹಳೆಯ ಮಾಸ್ತರರು ಯಾವ ವರ್ಷವೂ ಅಲ್ಲಿಯತನಕ ಮುಟ್ಟಿರಲಿಲ್ಲ, ಹಾಗಾಗಿ ಹುಸೇನಪ್ಪನ ಕಿವಿಗೂ ಅದು ಬಿದ್ದಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದರೂ ನಡೆಯುತ್ತಿತ್ತು. ಆದರೆ ಅವನು ಹರಿಗೋಲು ತುಂಬ ಜನರಿದ್ದಾಗ, ಇದು ನನಗೆ ಗೊತ್ತಿಲ್ಲ ಅಂದ. ಅವನ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

ಸೂಗಮ್ಮ ಓದುತ್ತಾ ಹೋದಳು, ಅವನು ಹುಟ್ಟು ಹಾಕುತ್ತಾ ಕೇಳಿದ. ಕೆಲವು ಧಾತುಗಳ ಪರಮಾಣುಗಳು ತಾವಾಗಿಯೇ ಕಿರಣ ಬಿಟ್ಟು ಬೇರೆ ಧಾತುವಾಗುತ್ತವೆ. ಇಂತಿಷ್ಟು ಕಾಲಕ್ಕೆ ಅರ್ಧ, ಮತ್ತೆ ಅಷ್ಟೇ ಕಾಲಕ್ಕೆ ಉಳಿದದ್ದರಲ್ಲಿ ಅರ್ಧ. ಆ ಕಾಲಕ್ಕೆ ಅರ್ಧಾಯು ಅಂತ ಹೆಸರು. ಯಾರಿಗೂ ತಲೆಬುಡ ತಿಳಿಯಲಿಲ್ಲ. ಆಗ ಹುಸೇನಪ್ಪ ದಡ ಸೇರಿದ ಮೇಲೆ ಚೌಕಾಬಾರ ಆಟದ ಹುಣಸೆಬೀಜ ತರಿಸಿದ. ಎರಡು ಹೋಳು ಮಾಡಿದ ಬೀಜ, ಒಂದು ಮೈ ಕಪ್ಪು, ಒಂದು ಮೈ ಬಿಳಿ. ಒಂದು ಬೊಗಸೆ ಚೆಲ್ಲಿ, ಬಿಳಿ ಬಿದ್ದದ್ದು ಕಿರಣ ಬಿಟ್ಟು ಹೋದ ಪರಮಾಣು, ಅದನ್ನು ತೆಗೆಯಿರಿ ಅಂದ. ಹೆಚ್ಚುಕಡಿಮೆ ಅರ್ಧ ಹೋದವು. ಉಳಿದದ್ದನ್ನು ಚೆಲ್ಲಿದರು, ಮತ್ತೆ ಅರ್ಧ ಹೋದವು. ಯಾವ ಬೀಜ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ, ಅರ್ಧ ಹೋಗುತ್ತವೆ ಅಂತ ಮಾತ್ರ ಹೇಳಬಹುದು. ಏಳೂ ಮಕ್ಕಳಿಗೆ ತಿಳಿಯಿತು. ಕೊನೆಗೆ ಒಂದೇ ಒಂದು ಬೀಜ ಉಳಿದು, ನಾಲ್ಕು ಸಲ ಚೆಲ್ಲಿದರೂ ಕಪ್ಪೇ ಬಿತ್ತು. ಇದು ಯಾವಾಗ ಹೋಗುತ್ತದೆ ಅಂತ ಹುಸೇನಪ್ಪ ಕೇಳಿದ. ಪುಸ್ತಕದಲ್ಲಿ ಹೇಳಿಲ್ಲ ಅಂದಳು ಸೂಗಮ್ಮ.

“ಹಂಗಾದ್ರ ಒಗೀತಾನs ಇರಬೇಕು,” ಅಂದು ಬೀಜವನ್ನು ಮತ್ತೆ ಚೆಲ್ಲಿದ.

ಏಳೂ ಮಕ್ಕಳು ಪಾಸಾದರು. ಸೂಗಮ್ಮನಿಗೆ ಎಷ್ಟು ಅಂಕ ಬಂತು ಅನ್ನುವುದು ಕಥೆ ಹೇಳುವವರ ಮೇಲಿದೆ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಫಲಿತಾಂಶ ಬಂದ ಮರುದಿನ ಹುಸೇನಪ್ಪ ಹುಟ್ಟನ್ನು ಅಳಿಯನ ಕೈಗೆ ಕೊಟ್ಟು, ಬುತ್ತಿ ಕಟ್ಟಿಸಿಕೊಂಡು ಹೊರಟ. ಹನ್ನೊಂದು ವರ್ಷದಲ್ಲಿ ಅವನ ತಪ್ಪುಪಾಠ ಕೇಳಿದವರು ಎಂಬತ್ತು ಮಂದಿ. ಕೊಟ್ಟ ಊರಿಗೆ ಹೋದ ಹೆಣ್ಣುಮಕ್ಕಳು, ದುಡಿಯಲು ಹೋದ ಗಂಡುಮಕ್ಕಳು, ಎಲ್ಲರನ್ನೂ ಹುಡುಕಿದ. ಬಾಗಿಲಲ್ಲಿ ನಿಂತು, ನಾನು ನಿನಗೆ ತಪ್ಪು ಹೇಳಿಕೊಟ್ಟಿದ್ದೆ, ಮನೆಯ ದೀಪ ಸಮಾಂತರ ಜೋಡಣೆ ಅನ್ನುತ್ತಿದ್ದ. ನೀನು ಯಾರಿಗೆ ಹೇಳಿದ್ದೀ ಅಂತ ಕೇಳಿಕೊಂಡು ಅವರ ಮನೆಗೂ ಹೋಗುತ್ತಿದ್ದ. ಕೆಲವರು ನಕ್ಕರು, ಕೆಲವರು ಉಣ್ಣಿಸಿ ಕಳಿಸಿದರು. ಒಬ್ಬಳು ಅತ್ತಳಂತೆ, ಯಾಕೆ ಅಂತ ಹೇಳಲಿಲ್ಲವಂತೆ. ಮೊದಲ ವರ್ಷ ನಲವತ್ತು ಮಂದಿ ಸಿಕ್ಕರು, ಎರಡನೆಯ ವರ್ಷ ಇಪ್ಪತ್ತು, ಮೂರನೆಯ ವರ್ಷ ಹತ್ತು ಅಂತಾರೆ. ಲೆಕ್ಕ ಇಷ್ಟು ನೆಟ್ಟಗಿರುವುದು ನೋಡಿದರೆ ಜನರೇ ಕೂಡಿಸಿ ಕಳೆದು ಹೊಂದಿಸಿದ್ದಾರೆ ಅಂತ ನನಗೆ ಗುಮಾನಿ. ಕೊನೆಗೆ ಒಬ್ಬಳು ಉಳಿದಳು, ಬಸಲಿಂಗವ್ವ. ಅವಳ ಮನೆಯವರು ಕುರಿ ಹೊಡೆದುಕೊಂಡು ಊರೂರು ತಿರುಗುವವರು. ಹುಸೇನಪ್ಪ ಒಂದು ಊರಿಗೆ ಹೋದರೆ ಅವರು ನಿನ್ನೆ ತಾನೇ ಎದ್ದು ಹೋಗಿರುತ್ತಿದ್ದರು. ಅವಳನ್ನು ಹುಡುಕುವ ದಾರಿಯಲ್ಲೇ ಹುಸೇನಪ್ಪ ತೀರಿಕೊಂಡ.

ಈಗ ಹೊಳೆಗೆ ಸೇತುವೆ ಬಂದಿದೆ, ಗಡ್ಡಿಗೆ ಕರೆಂಟೂ ಬಂದಿದೆ. ಆದರೂ ಗಡ್ಡಿಯವರು ಎಲ್ಲಿ ಹೋಗಲಿ, ಸಂತೆಗೆ ಹೋಗಲಿ, ಬೀಗರ ಮನೆಗೆ ಹೋಗಲಿ, ಗುರುತಿಲ್ಲದ ಮುದುಕಿಯೊಬ್ಬಳು ಎದುರಾದರೆ ಮೊದಲು ಇದನ್ನೇ ಕೇಳುತ್ತಾರೆ, ಯವ್ವಾ, ಮನೆಯ ದೀಪ ಹೇಗೆ ಜೋಡಿಸಿರುತ್ತಾರೆ ಅಂತ. ಕೇಳಿದವರಿಗೆ ಇವರಿಗೇನೋ ಮರುಳು ಅನ್ನಿಸುತ್ತದೆ. ಅನ್ನಿಸಲಿ. ಬಸಲಿಂಗವ್ವ ಈಗ ಇದ್ದರೆ ಎಂಬತ್ತು ದಾಟಿರಬೇಕು, ಇಲ್ಲದೆಯೂ ಇರಬಹುದು. ಸರಣಿ ಅಂತ ಒಬ್ಬ ಮುದುಕಿ ಹೇಳುವತನಕ ಕೇಳುತ್ತಲೇ ಇರುವುದು, ಹೇಳಿದ ದಿನ ಹುಸೇನಪ್ಪನ ಪರವಾಗಿ ಅವಳ ಕಾಲು ಮುಟ್ಟುವುದು ಅಂತ ಗಡ್ಡಿಯವರು ಮಾತಾಡಿಕೊಂಡಿದ್ದಾರೆ.