ಮಾತ್ರೆಯ ಗಂಟು

ಸಂಧಿವಾತದಿಂದ ಬೆರಳುಗಳು ಊದಿಕೊಂಡು, ಭಾಗೀರಥಮ್ಮನಿಗೆ ಹೂವಿನ ಪೊಟ್ಟಣದ ಬಾಳೆನಾರು ಬಿಚ್ಚಲೂ ಆಗುತ್ತಿರಲಿಲ್ಲ. ಅವಳು ನುಂಗಿದ ಹಳದಿ ಮಾತ್ರೆ ಗತ್ತಿನಿಂದ ಕರುಳಿಗೆ ಇಳಿಯಿತು. ಅದರ ಮದ್ದೆಲ್ಲ ಒಂದು ಬಿಗಿಯಾದ ಗಂಟಿನೊಳಗಿತ್ತು.

ಅಲ್ಲಿ ಬಹುಕಾಲದಿಂದ ಬಾಳುತ್ತಿದ್ದ ಮುದಿ ಬ್ಯಾಕ್ಟೀರಿಯ ಕೇಳಿತು: “ಬೆರಳಿನ ಕಡೆ ಹೊರಟೆಯೇನಪ್ಪಾ? ಬಾ, ಗಂಟು ಬಿಚ್ಚಿಕೊಡುತ್ತೇವೆ.”

“ಮುಟ್ಟಬೇಡಿ! ನಾನು ಡಾಕ್ಟರು ಬರೆದುಕೊಟ್ಟವನು. ಕೊಳಕಿನಲ್ಲಿ ಬಿದ್ದಿರುವ ನಿಮ್ಮ ಸಹಾಯ ನನಗೇಕೆ?”

“ದಾರಿ ಬಿಡ್ರೋ, ದೊಡ್ಡವರು ಹೋಗಲಿ,” ಎಂದು ಮುದಿ ಬ್ಯಾಕ್ಟೀರಿಯ ತನ್ನವರನ್ನು ಬದಿಗೆ ಸರಿಸಿತು.

ಮಾತ್ರೆ ಕರುಳಿನ ಉದ್ದಕ್ಕೂ ತಲೆಯೆತ್ತಿ ನಡೆಯಿತು. ಗಂಟು ಬಿಚ್ಚದೆ ಬೆರಳಿನ ದಾರಿ ಸಿಗಲೇ ಇಲ್ಲ. ಕೊನೆಗೆ ಅದು ಮಲದ ಜೊತೆ ಹೊರಬಿತ್ತು.

ಮರುದಿನ ಅದರ ತಮ್ಮ ಬಂದ. “ಅಜ್ಜಾ, ನಮ್ಮಣ್ಣ ಈ ಕಡೆ ಬಂದಿದ್ದನೇ?”

“ಬಂದಿದ್ದ. ಹೇಗೆ ಬಂದನೋ ಹಾಗೇ ಹೋದ.”

ತಮ್ಮ ತನ್ನ ಗಂಟನ್ನು ಮುಂದೆ ಚಾಚಿದ. “ಅಜ್ಜಾ, ಇದನ್ನೊಂದಿಷ್ಟು ಬಿಚ್ಚಿಕೊಡು.”

ಅವನ ಹಿಂದೆ ಬಂದ ಮಾತ್ರೆಗಳೂ ಹಾಗೆಯೇ ಕೇಳಿದವು. ಬರುಬರುತ್ತಾ ಊತ ಇಳಿಯಿತು. ಭಾಗೀರಥಮ್ಮ ಒಂದು ಬೆಳಿಗ್ಗೆ ಹೂವಿನ ಪೊಟ್ಟಣವನ್ನು ತಾನೇ ಬಿಚ್ಚಿ, “ಡಾಕ್ಟರ ಕೈಗುಣ ಬಹಳ ಒಳ್ಳೆಯದು,” ಎಂದಳು.

ಕರುಳಿನಲ್ಲಿ ಮುದಿ ಬ್ಯಾಕ್ಟೀರಿಯ ನಕ್ಕು, ಅಂದಿನ ಗಂಟಿಗೆ ಕೈಹಾಕಿತು.