ವ್ಯಾನಿನ ಎಡಗಡೆಯ ಹೊಗೆ

"ಬುದ್ಧಿ, ಮನಸ್ಸಿನಲ್ಲಿ ಏನನ್ನೂ ಕಟ್ಟಿಟ್ಟುಕೊಳ್ಳಬೇಡ ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಅಂದಿನಿಂದ ಯಾರ ಮೇಲೆ ಸಿಟ್ಟು ಬಂದರೂ ಅಲ್ಲೇ ಆಡಿಬಿಡುತ್ತೇನೆ. ತಪ್ಪು ಕಂಡರೆ ತಪ್ಪು ಎನ್ನುತ್ತೇನೆ. ಈಗ ನನಗೆ ಒಳ್ಳೆಯ ನಿದ್ದೆ ಬರುತ್ತದೆ. ಆದರೆ ಪ್ರಸಾದಕ್ಕೆ ಕೂತರೆ ನನ್ನ ಎರಡೂ ಪಕ್ಕ ಖಾಲಿ ಇರುತ್ತದೆ. ಇದು ಯಾಕೆ?"

ಕೇಳಿದವನು ಚನ್ನವೀರ. ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಗುರುಗಳು ಹೂವಿನ ಗಿಡಗಳ ಪಾತಿ ಸರಿಮಾಡುತ್ತಿದ್ದರು. ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕುಳಿತರು. ಅವನನ್ನೂ ಕೂರಿಸಿಕೊಂಡು ಈ ಕತೆ ಹೇಳಿದರು.

ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬನಿದ್ದ. ಓಬಳೇಶ ಎಂದು ಅವನ ಹೆಸರು. ಮದುವೆಯಾಗಿರಲಿಲ್ಲ. ತಾಯಿ ಇರುವ ತನಕ ಊರಿನಲ್ಲೇ ಅಂಗಡಿ ಇಟ್ಟುಕೊಂಡಿದ್ದ. ಆಕೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ಮನೆಗೆ ಹೋದರೆ ಮಾತಾಡಿಸುವವರು ಇರಲಿಲ್ಲ. ಒಬ್ಬನೇ ಉಣ್ಣುತ್ತಿದ್ದ, ಒಬ್ಬನೇ ಮಲಗುತ್ತಿದ್ದ. ಎಷ್ಟೋ ಸಲ ಬೆಳಿಗ್ಗೆ ಮೊದಲ ಗಿರಾಕಿಗೆ ಉತ್ತರ ಕೊಡಲು ಹೋದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು. ಹೀಗೇ ಇದ್ದರೆ ಮಾತೇ ಮರೆತುಹೋದೀತು ಎಂದು ಅವನಿಗೆ ಹೆದರಿಕೆಯಾಯಿತು.

ಕಡೆಗೆ ಹಳೆಯದೊಂದು ಡೀಸೆಲ್ ವ್ಯಾನು ಕೊಂಡ. ಅದರ ಎಡಮಗ್ಗುಲಿನ ತಗಡು ಕತ್ತರಿಸಿ ಅಗಲವಾದ ಬಾಗಿಲು ಇಡಿಸಿದ. ಬಾಗಿಲ ಒಳಗೆ ಕೆಲಸದ ಮೇಜು, ಅದರ ಹಿಂದೆ ಮಲಗುವ ಹಲಗೆ, ಮೂಲೆಯಲ್ಲೊಂದು ಒಲೆ. ಎಂಜಿನ್ ಓಡುತ್ತಿದ್ದರೆ ಡೈನಮೊ ತಿರುಗಿ, ಅದರಿಂದ ಡ್ರಿಲ್ಲು, ಸಾಣೆಕಲ್ಲು, ತಲೆಯ ಮೇಲಿನ ಫ್ಯಾನು ನಡೆಯುತ್ತಿದ್ದವು. ಹೀಗೆ ಅಂಗಡಿಯನ್ನೂ ಮನೆಯನ್ನೂ ಚಕ್ರದ ಮೇಲೆ ಇಟ್ಟುಕೊಂಡು ಊರೂರಿಗೆ ಹೊರಟ.

ಊರು ಬಂದರೆ ನೆರಳು ನೋಡಿ ನಿಲ್ಲಿಸುತ್ತಿದ್ದ. ಹೆಂಗಸರು ಯಂತ್ರ ಹೊತ್ತುಕೊಂಡು ಬರುತ್ತಿದ್ದರು. ಬಾಗಿಲ ಹತ್ತಿರ ನಿಂತು, ದಾರ ಕಡಿಯುತ್ತದೆ, ಹೊಲಿಗೆ ತಪ್ಪುತ್ತದೆ ಎಂದು ಶುರುಮಾಡಿದವರು ಮನೆಯ ಸುದ್ದಿ, ಊರಿನ ಸುದ್ದಿಗೆ ಬರುತ್ತಿದ್ದರು. ಓಬಳೇಶ ಕೆಲಸ ಮಾಡುತ್ತ ಕೇಳುತ್ತಿದ್ದ. ಬೇಗ ಮುಗಿಯುವ ಕೆಲಸವನ್ನು ಕೆಲವೊಮ್ಮೆ ಬೇಕೆಂದೇ ನಿಧಾನ ಮಾಡುತ್ತಿದ್ದ.

ಮರಡಿ ಎಂಬ ಊರಿನಲ್ಲಿ ಹಾಲಮ್ಮ ಎಂಬ ವಯಸ್ಸಾದ ಹೆಂಗಸಿದ್ದಳು. ರವಿಕೆ, ಕೌದಿ ಹೊಲಿದು ಬದುಕುವವಳು. ತನ್ನ ಯಂತ್ರ ಸರಿಯಾಗಿದ್ದ ದಿನವೂ ಅವಳು ಮಣೆ ತಂದು ವ್ಯಾನಿನ ಬಾಗಿಲಲ್ಲಿ ಹಾಕಿಕೊಂಡು ಕೂರುತ್ತಿದ್ದಳು. ರೊಟ್ಟಿ ತಂದುಕೊಡುತ್ತಿದ್ದಳು. ನಿನ್ನೆ ಏನು ಅಡಿಗೆ ಮಾಡಿಕೊಂಡೆ, ಸರಿಯಾಗಿ ಉಂಡೆಯಾ ಎಂದು ಕೇಳುತ್ತಿದ್ದಳು. ತಾಯಿ ಹೋದ ಮೇಲೆ ಅದನ್ನು ಕೇಳಿದವಳು ಅವಳೊಬ್ಬಳೇ. ಮರಡಿಯ ಸರದಿ ಯಾವಾಗ ಬಂದೀತು ಎಂದು ಅವನು ಕಾಯುತ್ತಿದ್ದ.

ಆದರೆ ಗಾಡಿ ಏರು ಹತ್ತುತ್ತಿರಲಿಲ್ಲ. ಏರು ಬಂತೆಂದರೆ ಒದ್ದಾಡುತ್ತಿತ್ತು, ಕಾದು ಬಿಸಿಯಾಗುತ್ತಿತ್ತು, ನಡುವೆ ನಿಂತುಬಿಡುತ್ತಿತ್ತು. ಅವನು ಊರು ಮುಟ್ಟುವ ಹೊತ್ತಿಗೆ ಸಂಜೆಯಾಗಿ ಹೆಂಗಸರು ಒಲೆ ಹಚ್ಚಲು ಹೋಗಿರುತ್ತಿದ್ದರು. ಅವನಿಗೆ ಅದೇ ಬೇಸರ.

ಪೇಟೆಯಲ್ಲಿದ್ದ ಮೆಕ್ಯಾನಿಕ್ಕಿನ ಹತ್ತಿರ ಒಯ್ದ. ಅವನು ಗಾಡಿಯ ಕೆಳಗೆ ಮಲಗಿ ನೋಡಿದ. ಎಂಜಿನ್ನಿಗೆ ಏನೂ ಆಗಿಲ್ಲ, ಅದಕ್ಕೆ ಉಸಿರು ಬಿಡಲು ಆಗುತ್ತಿಲ್ಲ ಎಂದ. ಸೈಲೆನ್ಸರ್ ಪೈಪು ಡೀಸೆಲ್ ಟ್ಯಾಂಕನ್ನೂ ಸ್ಟೆಪ್ನಿ ಚಕ್ರವನ್ನೂ ಸುತ್ತುಬಳಸಿ ಹಿಂದಕ್ಕೆ ಹೋಗುತ್ತಿತ್ತು. ಪೈಪು ಸಣ್ಣದು, ತಿರುವು ಹೆಚ್ಚು, ಒಳಗೆಲ್ಲ ಮಸಿ ಕಟ್ಟಿತ್ತು. ಅದನ್ನು ಕತ್ತರಿಸಿ ದಪ್ಪನೆಯ ಪೈಪು ಹಾಕಿ ನೇರವಾಗಿ ಪಕ್ಕಕ್ಕೆ ತೆಗೆದರೆ ಹೊಗೆ ತಡೆಯಿಲ್ಲದೆ ಹೋಗುತ್ತದೆ ಎಂದ. ಯಾವ ಪಕ್ಕಕ್ಕೆ ತೆಗೆಯಲಿ ಎಂದು ಕೇಳಿದ.

"ಬಲಗಡೆ ಬಿಟ್ಟರೆ ಹೊಗೆ ನನ್ನ ಕಿಟಕಿಗೇ ಬರುತ್ತದೆ. ಎಡಗಡೆ ಬಿಡು" ಎಂದ ಓಬಳೇಶ.

ಮೆಕ್ಯಾನಿಕ್ಕು ಎಡಗಡೆಯ ಅಗಲವಾದ ಬಾಗಿಲನ್ನು ಒಂದು ಗಳಿಗೆ ನೋಡಿದ. "ಗಾಡಿ ನಿಮ್ಮದು" ಎಂದು ವೆಲ್ಡಿಂಗ್ ಹೊತ್ತಿಸಿದ.

ಗಾಡಿ ಬೇರೆಯೇ ಆಯಿತು. ಒಂದೊಂದೇ ಗೇರು ಇಳಿಸಿ ಹತ್ತುತ್ತಿದ್ದ ಏರನ್ನು ಓಡಿಕೊಂಡೇ ಹತ್ತಿತು. ಸದ್ದು ಜೋರಾಗಿತ್ತು. ಆ ಸದ್ದು ಅವನಿಗೆ ಹಿತವಾಗಿ ಕೇಳಿಸಿತು. ಬಿಸಿಲೇರುವ ಮೊದಲೇ ಊರು ಮುಟ್ಟತೊಡಗಿದ. ಇನ್ನು ಇಡೀ ದಿನ ಜನರ ಜೊತೆ ಇರಬಹುದು ಎಂದುಕೊಂಡ.

ಅವನು ಹತ್ತಿ ಇಳಿಯುತ್ತಿದ್ದದ್ದು ಬಲಗಡೆಯಿಂದ, ಒಳಗೆ ಫ್ಯಾನು ಹೊಗೆಯನ್ನು ಆಚೆಗೆ ತಳ್ಳುತ್ತಿತ್ತು; ಹಾಗಾಗಿ ಕೆಲವು ಕಾಲ ಅವನಿಗೆ ಏನೂ ಗೊತ್ತಾಗಲಿಲ್ಲ. ಹೆಂಗಸರು ಬರುತ್ತಿದ್ದರು. ಯಂತ್ರವನ್ನು ಮೇಜಿನ ಮೇಲೆ ಇಟ್ಟು, ಆಮೇಲೆ ಬರುತ್ತೇವೆ ಎಂದು ಕೈಸನ್ನೆ ಮಾಡಿ ಹೋಗುತ್ತಿದ್ದರು. ನಿಂತು ಮಾತಾಡುವವರು ಕಡಿಮೆಯಾದರು. ಮರಡಿಯಲ್ಲಿ ದೂರದ ಬೇವಿನ ಮರದ ಕೆಳಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೂರತೊಡಗಿದರು. ಅವನು ಒಳಗಿನಿಂದ ಏನಾದರೂ ಕೇಳಿದರೆ ಅವರಿಗೆ ಕೇಳಿಸುತ್ತಿರಲಿಲ್ಲ, ಅವರು ಹೇಳಿದ್ದು ಇವನಿಗೆ ಕೇಳಿಸುತ್ತಿರಲಿಲ್ಲ.

ಹಾಲಮ್ಮ ಮೊದಮೊದಲು ಬಂದು ಕೂತಳು. ಆಮೇಲೆ ಮಣೆಯನ್ನು ಸ್ವಲ್ಪ ಹಿಂದಕ್ಕೆ ಹಾಕಿಕೊಂಡಳು. ಆಮೇಲೆ ಅವಳೂ ಮರದ ಕೆಳಗೆ ಹೋದಳು. ಒಮ್ಮೆ ಯಂತ್ರವನ್ನು ಪಕ್ಕದ ಮನೆಯವಳ ಕೈಯಲ್ಲಿ ಕಳಿಸಿದಳು. ಅದರ ಮುಂದಿನ ಸಲ ಯಂತ್ರವೂ ಬರಲಿಲ್ಲ.

ಇವಳೂ ಹೀಗಾದಳೇ ಎಂದು ಓಬಳೇಶನಿಗೆ ನೋವಾಯಿತು. ತಾನು ಯಾರಿಗೆ ಏನು ಕೆಟ್ಟದ್ದು ಮಾಡಿದೆ ಎಂದು ಯೋಚಿಸಿದ. ಏನೂ ಹೊಳೆಯಲಿಲ್ಲ. ಜನ ಬದಲಾಗಿದ್ದಾರೆ, ಕೆಲಸ ಮುಗಿದರೆ ಮುಖ ನೋಡುವವರಲ್ಲ ಎಂದು ತೀರ್ಮಾನಿಸಿದ. ಹಾಲಮ್ಮನ ಮನೆಗೆ ಹೋಗಿ ಕೇಳೋಣ ಎನಿಸಿದರೂ, ಕರೆಯದೆ ಹೇಗೆ ಹೋಗುವುದು ಎಂದು ಬಿಟ್ಟ. ಗಾಡಿ ಚೆನ್ನಾಗಿ ಓಡುತ್ತಿತ್ತಲ್ಲ, ಇನ್ನೂ ದೂರದ ಊರುಗಳಿಗೆ ಹೋದ. ಅಲ್ಲಿನ ಜನರೂ ಎರಡು ದಿನದಲ್ಲಿ ಹಾಗೇ ಆದರು. ವ್ಯಾನಿನೊಳಗೆ ಒಬ್ಬನೇ ಕೂತು ಅನ್ನ ಕಲಸುವಾಗ, ಬೀಗ ಹಾಕಿ ಬಿಟ್ಟುಬಂದ ಮನೆ ತನ್ನ ಹಿಂದೆಯೇ ಬಂದಿದೆ ಎನಿಸುತ್ತಿತ್ತು.

ಎಲ್ಲ ಸುತ್ತಿ ಮತ್ತೆ ಮರಡಿಗೆ ಬಂದ. ಬೆಳಗಿನ ಹೊತ್ತು. ಸಾಣೆ ಹಿಡಿಯುವ ಕೆಲಸ ಅರ್ಧವಾಗಿತ್ತು. ಕುಡಿಯುವ ನೀರು ಮುಗಿದಿತ್ತು. ಎಂಜಿನ್ ಆರಿಸದೆ ಕ್ಯಾನು ತೆಗೆದುಕೊಂಡು ನಲ್ಲಿಗೆ ಹೋದ. ತುಂಬಿಸಿ ತಂದು, ಒಳಗಿಡಲೆಂದು ಎಡಗಡೆಯ ಬಾಗಿಲಲ್ಲಿ ಬಗ್ಗಿದ.

ಬಿಸಿ ಹೊಗೆ ಮುಖಕ್ಕೆ ರಾಚಿತು. ಕಣ್ಣು ಉರಿದವು. ಕೆಮ್ಮು ಹತ್ತಿತು. ಎಂಜಿನ್ನಿನ ಸದ್ದಿನಲ್ಲಿ ತನ್ನ ಕೆಮ್ಮು ತನಗೇ ಕೇಳಿಸಲಿಲ್ಲ. ಕ್ಯಾನು ಕೈಬಿಟ್ಟು ಹಿಂದೆ ಹಿಂದೆ ಸರಿದ. ಸರಿಯಾಗಿ ಉಸಿರಾಡಲು ಆದಾಗ ಕಣ್ಣು ಒರೆಸಿಕೊಂಡು ನೋಡಿದರೆ, ಅವನು ಬೇವಿನ ಮರದ ಕೆಳಗೆ ನಿಂತಿದ್ದ.

ಅಲ್ಲಿಂದ ತನ್ನ ವ್ಯಾನನ್ನು ನೋಡಿದ. ಬಾಗಿಲ ಮೆಟ್ಟಿಲು ಕಪ್ಪಾಗಿತ್ತು. ತಗಡು ಕಪ್ಪಾಗಿತ್ತು. ಮೇಜು, ಕುರ್ಚಿ, ತಿರುಗುವ ಫ್ಯಾನು ಹೊಗೆಯ ಆಚೆ ಕಾಣುತ್ತಿದ್ದವು. ಇಷ್ಟು ದಿನ ಫ್ಯಾನಿನ ಕೆಳಗೆ ಕೂತು ತಾನು ಬೈದುಕೊಂಡದ್ದು ತನ್ನ ಹೊಗೆಗೆ ಸಿಕ್ಕವರನ್ನೇ ಎಂಬುದು ಅವನಿಗೆ ತಿಳಿಯಿತು.

ಬಲಗಡೆಯಿಂದ ಹತ್ತಿ ಎಂಜಿನ್ ಆರಿಸಿದ. ಎಲ್ಲೋ ಕೋಳಿ ಕೂಗಿತು. ಯಾರದೋ ಮನೆಯೊಳಗೆ ರೊಟ್ಟಿ ಬಡಿಯುವ ಸದ್ದು, ಯಾರೋ ನಗುವ ಸದ್ದು. ಆ ಊರಿನ ಸದ್ದು ಕೇಳಿ ಅವನಿಗೆ ಬಹಳ ದಿನವಾಗಿತ್ತು.

ನೇರವಾಗಿ ಹಾಲಮ್ಮನ ಮನೆಗೆ ಹೋದ. ಅವಳ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಅವಳು ಹೊಸಿಲ ಹತ್ತಿರ ಕೂತು ಕೌದಿಯನ್ನು ಕೈಯಲ್ಲೇ ಹೊಲಿಯುತ್ತಿದ್ದಳು. ನಡುನಡುವೆ ನಿಲ್ಲಿಸಿ ಎದೆ ಹಿಡಿದುಕೊಂಡು ಉಸಿರೆಳೆದುಕೊಳ್ಳುತ್ತಿದ್ದಳು. ಅವಳಿಗೆ ಮೊದಲಿನಿಂದಲೂ ದಮ್ಮು ಇತ್ತು. ಅದನ್ನು ಅವಳೇ ಹಿಂದೊಮ್ಮೆ ಹೇಳಿದ್ದಳು. ಓಬಳೇಶ ನೆಲದ ಮೇಲೆ ಕೂತ.

"ಹೊಗೆ ಬರ್ತದೆ ಅಂತ ನನಗೆ ಯಾಕೆ ಹೇಳಲಿಲ್ಲ, ಹಾಲಕ್ಕ?"

"ಹೇಳಬೇಕಂದ್ರೆ ಹತ್ತಿರ ಬರಬೇಕಲ್ಲಪ್ಪ" ಎಂದಳು ಹಾಲಮ್ಮ. "ಹತ್ತಿರ ಬಂದ್ರೆ ಉಸಿರು ಕಟ್ತಿತ್ತು. ಮರದ ಕೆಳಗಿಂದ ಕೂಗಿದೆ, ಕೈ ಬೀಸಿದೆ. ನೀನೂ ನಕ್ಕು ಕೈ ಬೀಸಿದೆ."

ಅದು ಅವನಿಗೆ ನೆನಪಿತ್ತು. ಆ ದಿನ ಅವಳು ಪ್ರೀತಿಯಿಂದ ಕೈ ಬೀಸಿದಳೆಂದು ತಿಳಿದು ಸಂತೋಷಪಟ್ಟಿದ್ದ. ಅವನು ತಲೆ ತಗ್ಗಿಸಿದ. ಮೂಲೆಯಲ್ಲಿದ್ದ ಯಂತ್ರವನ್ನು ಎಳೆದುಕೊಂಡು, ಅಲ್ಲೇ ಕೂತು ಕೈಯಲ್ಲೇ ಬಿಚ್ಚಿ ಸರಿಮಾಡಿದ. ಅವಳು ರೊಟ್ಟಿ ಕೊಟ್ಟಳು. ಉಂಡ.

ಮರುದಿನ ಪೇಟೆಗೆ ಹೋಗಿ ಪೈಪನ್ನು ಮತ್ತೆ ಹಿಂದಕ್ಕೆ ತೆಗೆಸಿದ. ಈ ಸಲ ಮೆಕ್ಯಾನಿಕ್ಕು ದಪ್ಪ ಪೈಪನ್ನೇ ಉಳಿಸಿ, ಸ್ಟೆಪ್ನಿಯನ್ನು ಬೇರೆ ಕಡೆಗೆ ಸರಿಸಿ, ತಿರುವು ಕಡಿಮೆ ಮಾಡಿದ. ಆದರೂ ಎಳೆತ ಸ್ವಲ್ಪ ತಗ್ಗಿತು. ಏರಿನಲ್ಲಿ ನಿಧಾನವಾಯಿತು. ಇರಲಿ ಎಂದ ಓಬಳೇಶ. ಗಿರಾಕಿ ಬಂದರೆ ಎಂಜಿನ್ ಆರಿಸಿ, ಕೆಳಗಿಳಿದು, ಅವರ ಮಾತು ಮುಗಿದ ಮೇಲೆ ಕೆಲಸಕ್ಕೆ ಹತ್ತುತ್ತಿದ್ದ.

ಜನ ಒಮ್ಮೆಲೇ ಬರಲಿಲ್ಲ. ಕೆಲವರು ವ್ಯಾನು ಕಂಡೊಡನೆ ರೂಢಿಯಂತೆ ಮರದ ಕೆಳಗೇ ಹೋದರು. ಕೆಲವರು ಬೇರೆ ರಿಪೇರಿಯವನನ್ನು ಹುಡುಕಿಕೊಂಡಿದ್ದರು. ಉಳಿದವರು ಸೆರಗು ಮೂಗಿಗೆ ಹಿಡಿದುಕೊಂಡು ಬಂದು, ಹೊಗೆಯಿಲ್ಲವೆಂದು ತಿಳಿದು ಸೆರಗು ಇಳಿಸಿದರು. ಹಾಲಮ್ಮ ಒಂದು ದಿನ ಬಂದು ಬಾಗಿಲಲ್ಲಿ ಕೂತಳು. ಆ ಚಳಿಗಾಲ ಅವಳ ದಮ್ಮು ಹೆಚ್ಚಾಯಿತು. ಮಗಳು ಬಂದು ತನ್ನ ಊರಿಗೆ ಕರೆದುಕೊಂಡು ಹೋದಳು. ಮರಡಿಗೆ ಹೋದಾಗಲೆಲ್ಲ ಓಬಳೇಶ ಅವಳ ಮನೆಯ ಮುಂದೆ ಗಾಡಿ ನಿಧಾನ ಮಾಡುತ್ತಿದ್ದ. ಬಾಗಿಲು ಹಾಕಿರುತ್ತಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಬುದ್ಧಿ, ಹೊಗೆಯನ್ನೆಲ್ಲ ಒಳಗೇ ಇಟ್ಟುಕೊಂಡು ಉಸಿರು ಕಟ್ಟಿಸಿಕೊಳ್ಳಬೇಕೆ?"

"ಹೊರಗೆ ಬಿಡು ಮಗು, ಬಿಡುವ ಮೊದಲು ಒಮ್ಮೆ ಕೆಳಗಿಳಿದು, ಆ ಕಡೆ ಯಾರು ನಿಂತಿದ್ದಾರೆ ನೋಡಿ ಬಾ" ಎಂದರು ಗುರುಗಳು.