ಸೀಟಿನ ಕೆಳಗಿನ ಖಾಲಿ ಜಾಗ

ಸೇನೆಯ ಹೆಲಿಕಾಪ್ಟರೊಂದರಲ್ಲಿ ಪೈಲಟ್ ಕೂರುವ ಸೀಟೊಂದಿತ್ತು. ತನ್ನ ಕೆಳಗಿನ ಒಂದು ಗೇಣು ಜಾಗವನ್ನು ಅದು ಯಾವತ್ತೂ ಖಾಲಿ ಇಟ್ಟುಕೊಂಡು ಕಾಯುತ್ತಿತ್ತು. ಒಂದು ಬೆಳಿಗ್ಗೆ ಪೈಲಟ್ ಮೇಜರ್ ಚಂಗಪ್ಪ ಅಲ್ಲಿಗೆ ತನ್ನ ಕಬ್ಬಿಣದ ಟ್ರಂಕನ್ನು ತುರುಕಿದ.

"ಸರ್, ಅಲ್ಲಿ ಏನೂ ಇಡಬಾರದು," ಎಂದ ಮೆಕ್ಯಾನಿಕ್ ಶಿವಲಿಂಗ.

"ಇಷ್ಟು ಜಾಗ ಸುಮ್ಮನೆ ದಂಡ ಆಗ್ತಿದೆಯಲ್ಲಯ್ಯ," ಎಂದ ಮೇಜರ್.

ಸೀಟು ಟ್ರಂಕನ್ನೇ ಬೇಡಿಕೊಂಡಿತು. "ಅಣ್ಣಾ, ಬೇರೆ ಕಡೆ ಹೋಗು. ಹೆಲಿಕಾಪ್ಟರ್ ಬಿದ್ದರೆ ನಾನು ಕೆಳಕ್ಕೆ ಕುಸಿಯಬೇಕು. ನನ್ನೊಳಗಿನ ಲೋಹ ನುಜ್ಜಾಗಿ ಹೊಡೆತವನ್ನು ನುಂಗಬೇಕು. ಆಗಲೇ ಸಾಹೇಬರ ಬೆನ್ನುಮೂಳೆ ಉಳಿಯುವುದು."

"ಕುಸಿಯುವುದೂ ಒಂದು ಕೆಲಸವೇ? ಹನ್ನೆರಡು ವರ್ಷದಲ್ಲಿ ನಾನು ಯಾರಿಗೂ ಬಗ್ಗಿಲ್ಲ. ನಿನ್ನನ್ನೂ ಬೀಳಲು ಬಿಡುವುದಿಲ್ಲ, ಧೈರ್ಯವಾಗಿರು," ಎಂದಿತು ಟ್ರಂಕು.

ಮೂರನೆಯ ದಿನ ಎಂಜಿನ್ ಕೆಟ್ಟು ಹೆಲಿಕಾಪ್ಟರ್ ನೆಲಕ್ಕೆ ಅಪ್ಪಳಿಸಿತು. ಸೀಟು ಎರಡು ಬೆರಳಷ್ಟು ಇಳಿಯುವುದರಲ್ಲಿ ಟ್ರಂಕು ತಡೆದು ನಿಲ್ಲಿಸಿತು, ಕೊಟ್ಟ ಮಾತು ತಪ್ಪಲಿಲ್ಲ. ಉಳಿದ ಹೊಡೆತವೆಲ್ಲ ಮೇಜರನ ಬೆನ್ನಿಗೆ ಬಿತ್ತು.

ಸ್ಟ್ರೆಚರಿನ ಮೇಲಿಂದ, ಕಾಲುಗಳ ಸ್ವಾಧೀನ ಹೋಗಿದೆ ಎಂಬುದು ಇನ್ನೂ ತಿಳಿಯದ ಮೇಜರ್ ಶಿವಲಿಂಗನಿಗೆ ಹೇಳಿದ: "ಮೊದಲು ನನ್ನ ಟ್ರಂಕು ತೆಗಿ."

ಶಿವಲಿಂಗ ಅದನ್ನು ಸೀಟಿನ ಕೆಳಗಿಂದ ಎಳೆದು ತೆಗೆದ. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಮಧ್ಯಾಹ್ನ ತನಿಖೆಯವರು ಬಂದು ಸೀಟಿನ ಕೆಳಗೆ ಬಗ್ಗಿ ನೋಡಿದರು. "ಇಷ್ಟೊಂದು ಜಾಗ ಖಾಲಿ ಇದ್ದರೂ ಈ ಸೀಟು ಕುಸಿದಿಲ್ಲ," ಎಂದು ಬರೆದುಕೊಂಡು ಅದನ್ನು ಗುಜರಿಗೆ ಹಾಕಿಸಿದರು.